ಕೊಯ್ದ ಲಿವರ್ ಬೆಳೆಯುವಾಗ ಉಪವಾಸ ಬೇಡ

ಓದುಗರ ಪತ್ರ (ಸಂಗ್ರಹ): ತಂದೆಯವರಿಗೆ ಲಿವರ್ ಕಸಿ ಆಗಿದೆ. ಬಲಭಾಗ ಕೊಟ್ಟವನು ನನ್ನ ತಮ್ಮ. ವಯಸ್ಸು 32, ತೂಕ 60 ಕಿಲೊ. ಮೂರು ವಾರ ಕಳೆಯಿತು, ಇಬ್ಬರೂ ಮನೆಗೆ ಬಂದಿದ್ದಾರೆ. ದಿನಕ್ಕೆ ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ‘ಆಟೋಫಜಿ’ ಜೋರಾಗಿ ಲಿವರ್ ಬೇಗ ತುಂಬುತ್ತದೆ, ಅದಕ್ಕೆ ನೊಬೆಲ್ ಕೂಡ ಬಂದಿದೆ ಎಂದು ಭಾವ ಹೇಳುತ್ತಾರೆ. ಅಮ್ಮ ನೆಲನೆಲ್ಲಿ, ಅಮೃತಬಳ್ಳಿಯ ಕಷಾಯಕ್ಕೆ ಹೊರಟಿದ್ದಾರೆ. ಯಾವುದು ಸರಿ? ಕೊಯ್ದ ಭಾಗ ಹಲ್ಲಿಯ ಬಾಲದ ಹಾಗೆ ಮತ್ತೆ ಬರುತ್ತದೆಯೇ?
– ಓದುಗರೊಬ್ಬರು, ಬದಿಯಡ್ಕ

ಸಂಪಾದಕರ ಉತ್ತರ:

ತಮ್ಮನಿಗೆ ಉಪವಾಸ ಬೇಡ. ಕಷಾಯ ಇಬ್ಬರಿಗೂ ಬೇಡ. ಇದನ್ನು ಇವತ್ತೇ ಮನೆಯಲ್ಲಿ ಹೇಳಿಬಿಡಿ, ಕಾರಣವನ್ನು ನಿಧಾನವಾಗಿ ಓದಿ.

ಹಲ್ಲಿಯ ಬಾಲದ ಹೋಲಿಕೆ ಇಲ್ಲಿ ಕೂಡುವುದಿಲ್ಲ. ಕೊಟ್ಟ ಬಲಭಾಗ ಮತ್ತೆ ಮೂಡುವುದಿಲ್ಲ. ಉಳಿದ ಎಡಭಾಗವೇ ಉಬ್ಬಿ ಬೆಳೆದು ಇಡೀ ಲಿವರಿನ ಕೆಲಸ ವಹಿಸಿಕೊಳ್ಳುತ್ತದೆ. ಬಲಭಾಗ ಕೊಟ್ಟವರಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿದಿರುತ್ತದೆ. ಅದರ ಬೆಳವಣಿಗೆಯ ದೊಡ್ಡ ಓಟ ಮೊದಲ ಒಂದೆರಡು ವಾರಗಳಲ್ಲೇ ಆಗುತ್ತದೆ, ಮಿಕ್ಕಿದ್ದು ಎರಡು ಮೂರು ತಿಂಗಳು ಹಿಡಿಯುತ್ತದೆ. ಇಲಿಯ ಲಿವರಿನ ಮೂರನೆಯ ಎರಡು ಪಾಲು ತೆಗೆದು ನೋಡುವ ಪ್ರಯೋಗವನ್ನು 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ರೂಪಿಸಿದರು. ಇಲಿಯಲ್ಲಿ ಏಳರಿಂದ ಹತ್ತು ದಿನಕ್ಕೆ ಲಿವರ್ ಹಳೆಯ ತೂಕಕ್ಕೆ ಬರುತ್ತದೆ.

ಈಗ ಭಾವನವರ ಮಾತು. ಅದರಲ್ಲಿ ಅರ್ಧ ನಿಜವಿದೆ. ಆಟೋಫಜಿ ಎಂದರೆ ಕೋಶ ತನ್ನದೇ ಸವೆದ ಭಾಗಗಳನ್ನು ಕರಗಿಸಿ ಮತ್ತೆ ಬಳಸುವುದು. ಅದರ ತವರೇ ಲಿವರ್. 1962ರಲ್ಲಿ ಗ್ಲುಕಗಾನ್ ಎಂಬ ಹಾರ್ಮೋನ್ ಕೊಟ್ಟ ಇಲಿಯ ಲಿವರಿನಲ್ಲಿ, ಜೀವಕೋಶಗಳು ತಮ್ಮದೇ ಮೈಟೊಕಾಂಡ್ರಿಯಾಗಳನ್ನು (ಕೋಶಕ್ಕೆ ಶಕ್ತಿ ತಯಾರಿಸುವ ಪುಟ್ಟ ಒಲೆಗಳು) ಚೀಲದೊಳಗಿಟ್ಟು ಕರಗಿಸುತ್ತಿದ್ದುದನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮರುವರ್ಷ ಬೆಲ್ಜಿಯಂನ ವಿಜ್ಞಾನಿ ದ ದ್ಯೂವ್ ಅದಕ್ಕೆ ಆಟೋಫಜಿ ಎಂಬ ಹೆಸರಿಟ್ಟರು. ಅದನ್ನು ನಡೆಸುವ ಜೀನ್‌ಗಳನ್ನು ಯೀಸ್ಟಿನಲ್ಲಿ ಹುಡುಕಿದ ಜಪಾನಿನ ವಿಜ್ಞಾನಿ ಒಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು.

ಕೆಲಸ ನಡೆಯುವುದು ಹೀಗೆ. ಸವೆದ ಮೈಟೊಕಾಂಡ್ರಿಯಾ, ಕೆಟ್ಟ ಪ್ರೋಟೀನು, ಕೊಬ್ಬಿನ ಹನಿ, ಇವುಗಳ ಸುತ್ತ ಒಂದು ಪೊರೆ ಬಟ್ಟಲಿನಂತೆ ಬಾಗುತ್ತದೆ. ಅಂಚು ಕೂಡಿ ಎರಡು ಪದರದ ಚೀಲವಾಗುತ್ತದೆ. ಚೀಲ ಹೋಗಿ ಕೋಶದ ಜೀರ್ಣಕೋಠಿಯಾದ ಲೈಸೊಸೋಮಿಗೆ ಸೇರುತ್ತದೆ. ಒಳಗಿನ ಆಮ್ಲದಲ್ಲಿ ಕಿಣ್ವಗಳು ಎಲ್ಲವನ್ನೂ ಕತ್ತರಿಸಿ ಅಮೈನೋ ಆಮ್ಲ, ಕೊಬ್ಬಿನ ಆಮ್ಲಗಳಾಗಿ ಮಾಡಿ ಕೋಶಕ್ಕೆ ಹಿಂತಿರುಗಿಸುತ್ತವೆ. ಇಲಿಯ ಲಿವರಿನಲ್ಲಿ ಇಂಥ ಒಂದು ಚೀಲದ ಆಯುಷ್ಯ ಹತ್ತು ನಿಮಿಷದ ಆಸುಪಾಸು.

ಬೆಳೆಯುವ ಲಿವರಿಗೆ ಇದು ಬೇಕೇ ಬೇಕು. ಲಿವರ್ ಕೋಶಗಳಲ್ಲಿ ಎಟಿಜಿ5 ಎಂಬ ಜೀನ್ ತೆಗೆದ, ಅಂದರೆ ಆಟೋಫಜಿ ನಿಲ್ಲಿಸಿದ, ಚಿಕ್ಕಿಲಿಗಳ ಮೇಲೆ ಲಿವರ್ ಕೊಯ್ಯುವ ಇದೇ ಶಸ್ತ್ರಚಿಕಿತ್ಸೆ ಮಾಡಿ ಜಪಾನಿನ ವೈದ್ಯರು 2014ರಲ್ಲಿ ವರದಿ ಕೊಟ್ಟರು. ಆ ಕೋಶಗಳು ದಪ್ಪವಾದವು, ಸರಿಯಾಗಿ ಒಡೆದು ಎರಡಾಗಲಿಲ್ಲ. ಹಾಳಾದ ಮೈಟೊಕಾಂಡ್ರಿಯಾ ಒಳಗೇ ಉಳಿದವು, ಶಕ್ತಿಯ ಉತ್ಪಾದನೆ ಕುಸಿಯಿತು, ಕೋಶಗಳಲ್ಲಿ ಮುಪ್ಪಿನ ಗುರುತುಗಳು ಕಂಡವು. ಕಾರಣ ಊಹಿಸಬಹುದು. ಉಳಿದ ಪುಟ್ಟ ಲಿವರ್ ಇಡೀ ಮೈಯ ಕೆಲಸವನ್ನೂ ಮಾಡಬೇಕು, ತಾನೂ ಬೆಳೆಯಬೇಕು. ಒಲೆ ಕೆಟ್ಟರೆ ಎರಡೂ ಆಗದು.

ಆದರೆ ಬೇಕು ಎಂದ ಮಾತ್ರಕ್ಕೆ ಹೆಚ್ಚಾದಷ್ಟೂ ಒಳ್ಳೆಯದು ಎಂದಲ್ಲ. ಭಾವನವರು ತಪ್ಪಿದ್ದು ಇಲ್ಲಿ. ಕೋಶದೊಳಗೆ ಎಂಟಾರ್ ಎಂಬ ಪ್ರೋಟೀನು ‘ಊಟ ಬಂದಿದೆ, ಕಟ್ಟು’ ಎಂದು ಹೇಳುತ್ತದೆ, ಜೊತೆಗೇ ಆಟೋಫಜಿಯನ್ನು ಹಿಡಿತದಲ್ಲಿಡುತ್ತದೆ. ರಾಪಮೈಸಿನ್ ಔಷಧಿ ಎಂಟಾರನ್ನು ತಡೆದು ಆಟೋಫಜಿಯನ್ನು ಏರಿಸುತ್ತದೆ. ಭಾವನವರ ಲೆಕ್ಕದಂತೆ ಲಿವರ್ ಬೇಗ ಬೆಳೆಯಬೇಕಿತ್ತು. ಲಿವರ್ ಕೊಯ್ದ ಇಲಿಗೆ ಕೊಟ್ಟಾಗ ಕೋಶ ವಿಭಜನೆಯೇ ಹಿಂದೆ ಬಿತ್ತು. ಬರೀ ಉಪವಾಸದಲ್ಲಿ, ಚಿಕ್ಕಿಲಿಯ ಲಿವರ್ 48 ಗಂಟೆಗಳಲ್ಲಿ ತನ್ನ ಪ್ರೋಟೀನಿನ ಶೇಕಡಾ 25ರಿಂದ 40ರಷ್ಟನ್ನು ಕಳೆದುಕೊಳ್ಳುತ್ತದೆ. ನಿಮಗೆ ತೋಟವಿದ್ದರೆ ಇದು ಹೊಸದೇನಲ್ಲ. ಬಿದ್ದ ಸೋಗೆಯನ್ನು ಅಡಿಕೆಯ ಬುಡಕ್ಕೇ ಹಾಕುತ್ತೀರಿ, ಹಾಕಲೇಬೇಕು. ಆದರೆ ಸೋಗೆಯೊಂದನ್ನೇ ನಂಬಿ, ಹಟ್ಟಿಗೊಬ್ಬರ ನಿಲ್ಲಿಸಿ, ಎಳೆ ಸಸಿ ಬೆಳೆಸುವವರಿಲ್ಲ. ಮರುಬಳಕೆ ಇದ್ದುದನ್ನು ಹದಮಾಡುತ್ತದೆ, ತೂಕ ಸೇರಿಸುವುದಿಲ್ಲ.

ಹಾಗಾದರೆ ಎಷ್ಟು ತಿನ್ನಬೇಕು? ದೊಡ್ಡ ಲಿವರ್ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಹೇಳುವುದು, ಕಿಲೊ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು, 30ರಿಂದ 35 ಕಿಲೊಕ್ಯಾಲೊರಿ. ತಮ್ಮನಿಗೆ 72ರಿಂದ 90 ಗ್ರಾಂ ಪ್ರೋಟೀನು ಎಂದಾಯಿತು. ಮೀನು ಮೊಟ್ಟೆ ಇಲ್ಲದ ಮನೆಯಲ್ಲೂ ಇದು ಆಗುತ್ತದೆ: ಹಾಲು ಮೊಸರು ಸೇರಿ ಮುಕ್ಕಾಲು ಲೀಟರ್ (ಸುಮಾರು 24 ಗ್ರಾಂ), ಹೆಸರು, ಹುರುಳಿ, ತೊಗರಿ ಸೇರಿ ಹಸಿ ತೂಕದಲ್ಲಿ 100 ಗ್ರಾಂ (22), ಅಕ್ಕಿ ಕಾಲು ಕಿಲೊ (18), ಪನೀರ್ 50 ಗ್ರಾಂ (9), ನೆಲಗಡಲೆ ಒಂದು ಹಿಡಿ (7). ಕುಚ್ಚಿಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ ಮಾತ್ರವಾದರೆ ಅರ್ಧಕ್ಕೂ ಮುಟ್ಟುವುದಿಲ್ಲ. ‘ಪಥ್ಯ’ ಎಂದು ನಮ್ಮಲ್ಲಿ ಬೇಳೆ, ಮೊಸರು ನಿಲ್ಲಿಸುವ ಅಭ್ಯಾಸವಿದೆ, ಅದು ಬೇಡ. ಹೊಟ್ಟೆ ಬೇಗ ತುಂಬಿದಂತೆ ಆಗುವುದರಿಂದ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ, ಮಲಗುವ ಮೊದಲು ಒಂದು ಸಲ ಕೂಡ. ತಂದೆಯವರ ಊಟ ಬೇರೆ ಲೆಕ್ಕ, ಕಿಡ್ನಿ, ಸಕ್ಕರೆ, ಪೊಟ್ಯಾಸಿಯಂ ನೋಡಿ ಕಸಿ ಕೇಂದ್ರದವರೇ ಹೇಳಬೇಕು.

ನೋವಿನ ಮಾತ್ರೆಯ ಬಗ್ಗೆ ಎಚ್ಚರ. ಪ್ಯಾರಾಸಿಟಮಾಲ್‌ನ ಒಂದಂಶ ಲಿವರಿನಲ್ಲಿ ವಿಷವಾಗಿ ಮೈಟೊಕಾಂಡ್ರಿಯಾಗಳನ್ನು ಕೆಡಿಸುತ್ತದೆ. ಆ ವಿಷವನ್ನು ತಣಿಸುವ ಗ್ಲುಟಥಯೋನ್ ಹೊಟ್ಟೆ ಖಾಲಿಯಿದ್ದವರಲ್ಲಿ ಕಡಿಮೆ. ಉಪವಾಸ ಬೇಡ ಎನ್ನಲು ಇದೂ ಒಂದು ಕಾರಣ. ಆರೋಗ್ಯವಂತರ ಮಿತಿಯಾದ 4 ಗ್ರಾಂ ತಮ್ಮನಿಗೆ ಅನ್ವಯಿಸುವುದಿಲ್ಲ, ಸರ್ಜನ್ ಬರೆದ ಪ್ರಮಾಣವೇ ಮಿತಿ. ಶೀತದ ಮಾತ್ರೆಗಳಲ್ಲೂ ಅದೇ ಔಷಧಿ ಇರುತ್ತದೆ, ಪಟ್ಟಿಯ ಹಿಂದೆ ಓದಿ. ಮದ್ಯ ಲೈಸೊಸೋಮಿನ ಕೆಲಸವನ್ನೇ ಕೆಡಿಸುತ್ತದೆ, ಪೂರ್ತಿ ಬಿಡಬೇಕು.

ಕಷಾಯದ ವಿಷಯ. ನೆಲನೆಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ಓಡಿಸುತ್ತದೆಂದು 1988ರಲ್ಲಿ ಮದ್ರಾಸಿನಿಂದ ವರದಿ ಬಂದಿತ್ತು, ಆಮೇಲಿನ ಪರೀಕ್ಷೆಗಳಲ್ಲಿ ಆ ಫಲ ನಿಲ್ಲಲಿಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರಿಗೆ ಪೆಟ್ಟಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಅದು ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸಬಲ್ಲದು, ತಂದೆಯವರೋ ಅದೇ ಶಕ್ತಿಯನ್ನು ಅದುಮುವ ಮಾತ್ರೆಯಲ್ಲಿದ್ದಾರೆ. ಅಮ್ಮನವರ ಕಾಳಜಿ ದೊಡ್ಡದು, ಆ ಕೈಯಿಂದ ಹೆಸರುಬೇಳೆ ಪಾಯಸ ಬರಲಿ.

ಗಾಯದ ಒಳಪದರ ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ತಮ್ಮ ಅಡಿಕೆ ಗೊನೆ ಹೊರುವುದು, ಬೋರ್ಡೋ ಸಿಂಪಡಣೆಯ ಪೈಪು ಎಳೆಯುವುದು ಬೇಡ, ಹರ್ನಿಯಾ ಆಗಬಹುದು. ನಡೆಯಲಿ, ದಿನವೂ. ಜ್ವರ, ಕಣ್ಣು ಹಳದಿ, ಕಪ್ಪು ಮೂತ್ರ, ಹೊಟ್ಟೆ ಉಬ್ಬರ, ಗಾಯದಿಂದ ಹಳದಿ ನೀರು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ.

ಹಿತ್ತಿಲಲ್ಲಿ ಚಕ್ಕೋತದ ಮರವಿದ್ದರೆ ಅದರ ಹಣ್ಣನ್ನು ತಂದೆಯವರಿಗೆ ಕೊಡಬೇಡಿ. ರೋಗನಿರೋಧಕ ಶಕ್ತಿಯನ್ನು ಅದುಮುವ ಟ್ಯಾಕ್ರೊಲಿಮಸ್ ಮಾತ್ರೆ ಅವರಿಗೆ ಬರೆದಿದ್ದರೆ, ರಕ್ತದಲ್ಲಿ ಅದರ ಪ್ರಮಾಣ ಚಕ್ಕೋತದಿಂದ ಏರಿ ಕಿಡ್ನಿಗೆ ತೊಂದರೆಯಾಗಬಹುದು. ತಮ್ಮ ತಿನ್ನಬಹುದು.