ಗೇಟ್ ರಿಮೋಟನ್ನು ಬೈಕ್ ಹ್ಯಾಂಡಲ್‌ಗೆ ಕೂರಿಸುವುದು ಹೇಗೆ?

ಪುಣೆಯ ಮಳೆಯಲ್ಲಿ ರೇನ್‌ಕೋಟ್ ಒಳಗಿಂದ ರಿಮೋಟ್ ಹುಡುಕುತ್ತಾ ಸೊಸೈಟಿ (ಅಪಾರ್ಟ್‌ಮೆಂಟ್) ಗೇಟಿನ ಮುಂದೆ ನೆನೆಯುವ ಕಷ್ಟ ನನಗೂ ಗೊತ್ತು. ಅಲ್ಲಿನ ಕೋಥ್ರೂಡ್ ಬಡಾವಣೆಯಲ್ಲಿ ನಾನೂ ಹ್ಯಾಂಡಲ್ ಮೇಲಿನ ಬಟನ್ ಒತ್ತಿದರೆ ರಿಮೋಟ್ ಒತ್ತಿದಂತಾಗುವ ಹಾಗೆ ಮಾಡಿಕೊಂಡೆ.

ರಿಮೋಟಿಗೆ ನೇರ ಬೈಕ್ ಬ್ಯಾಟರಿಯ ಕರೆಂಟ್ ಕೊಡಬಹುದೇ ಎಂದು ಕೇಳಿದ್ದೀರಿ, ಕೊಡಬೇಡಿ. ಹೆಸರಿಗೆ 12 ವೋಲ್ಟ್, ಎಂಜಿನ್ ಓಡುವಾಗ 14 ದಾಟುತ್ತದೆ. 3 ವೋಲ್ಟಿನ ಬಿಲ್ಲೆ ಸೆಲ್ಲಿನ ರಿಮೋಟಾದರೆ ಅಲ್ಲೇ ಢಮಾರ್. ಅದರ ಸೆಲ್ ಅದಕ್ಕೇ ಇರಲಿ.

ರಿಮೋಟ್ ಬಿಚ್ಚಿ, ಗುಂಡಿಯ ಕಾಲುಗಳನ್ನು ನೋಡಿ. ಸಾಮಾನ್ಯವಾಗಿ ನಾಲ್ಕಿದ್ದು, ಎರಡೆರಡು ಒಳಗೇ ಜೋಡಿ. ಮಲ್ಟಿಮೀಟರನ್ನು (ಕರೆಂಟ್ ಪರೀಕ್ಷಿಸುವ ಮೀಟರ್) ಬೀಪ್‌ಗೆ, ಅಂದರೆ ಎರಡು ತುದಿಗೆ ಸಂಪರ್ಕವಿದ್ದರೆ ಕೂಗುವ ಸ್ಥಾನಕ್ಕೆ ಇಟ್ಟು, ಒತ್ತಿದಾಗ ಮಾತ್ರ ಕೂಗುವ ಎರಡು ಕಾಲು ಹಿಡಿಯಿರಿ. ಅವಕ್ಕೆ ಸಣ್ಣ ವೈರ್ ಬೆಸುಗೆ ಹಾಕಿ ಹೊರಗೆಳೆಯಿರಿ. ವೈರ್ ಜಗ್ಗಿದರೆ ಬೋರ್ಡಿನ ತಾಮ್ರವೇ ಕಿತ್ತು ಬರುತ್ತದೆ, ಬುಡಕ್ಕೆ ಒಂದು ಹನಿ ಗ್ಲೂ ಹಾಕಿ.

ವೈರನ್ನು ಹ್ಯಾಂಡಲ್ ಬಟನ್‌ಗೆ ನೇರ ಕೊಟ್ಟರೂ ನಡೆಯುತ್ತದೆ, ಆದರೆ ಬೈಕ್ ಗೇಟಿನಾಚೆ ನಿಂತಿದ್ದರೆ ದಾರಿಹೋಕನೂ ಒತ್ತಬಹುದು. ಅದಕ್ಕೆ 12 ವೋಲ್ಟಿನ ರಿಲೇ (ಒಳಗಿನ ಕಾಯಿಲ್‌ಗೆ ಕರೆಂಟ್ ಬಂದಾಗ ಆನ್ ಆಗುವ ಸ್ವಿಚ್) ಹಾಕಿ: ಕೀ ಆನ್ ಆದಾಗಷ್ಟೇ ಬರುವ ಕರೆಂಟ್, ಫ್ಯೂಸ್ ಮತ್ತು ಬಟನ್ ಮೂಲಕ ಕಾಯಿಲ್‌ಗೆ, ರಿಲೇ ಕಾಂಟ್ಯಾಕ್ಟ್ ರಿಮೋಟಿನ ವೈರ್‌ಗಳಿಗೆ. ಕಾಯಿಲ್‌ನ ಎರಡು ತುದಿಗೆ ಅಡ್ಡಲಾಗಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಪಟ್ಟಿ ಇರುವ ತುದಿ ಪ್ಲಸ್ ಕಡೆ.

ಹೈ ಬೀಮ್ ಸ್ವಿಚ್ಚಿಗೇ ಜೋಡಿಸುವವರಿದ್ದಾರೆ. ರಾತ್ರಿ ಹೈವೇಯಲ್ಲಿ ಪೂರ್ತಿ ಹೊತ್ತು ರಿಮೋಟ್ ಒತ್ತಿದಂತೆಯೇ, ಸೆಲ್ ಖಾಲಿ.

ರಿಮೋಟನ್ನು ಬೈಕಿನ ಪ್ಲಾಸ್ಟಿಕ್ ಕವಚದೊಳಗೆ ಇಡಿ, ಲೋಹದ ಟ್ಯಾಂಕಿನಡಿ ಸಿಗ್ನಲ್ ಕುಗ್ಗುತ್ತದೆ. ಬಿಚ್ಚುವುದು ಜೆರಾಕ್ಸ್ (ನಕಲು ಮಾಡಿಸಿದ) ರಿಮೋಟನ್ನೇ, ಸೊಸೈಟಿ ಕೊಟ್ಟದ್ದನ್ನಲ್ಲ.