ಒಪೆರಾಗೆ ಕೋಟಿ, ಯಕ್ಷಗಾನಕ್ಕೆ ಎರಡು ಲಕ್ಷ: ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ನಾನು ಡೊಂಬಿವಲಿಯವನು. ನಮ್ಮ ಸಂಘದ ಯಕ್ಷಗಾನಕ್ಕೆ ಕೇಂದ್ರ ಸಂಸ್ಕೃತಿ ಸಚಿವಾಲಯದಿಂದ ಎರಡು ಲಕ್ಷ ಅನುದಾನ ಬಂತು. ಈಗ ಚಹಾದ ಬಿಲ್ಲಿನ ತನಕ ಲೆಕ್ಕ ಕೇಳುತ್ತಿದ್ದಾರೆ. ಲಂಡನ್ನಿನಲ್ಲಿರುವ ಅಳಿಯ, ಅಲ್ಲಿ ಒಪೆರಾಗೆ ಸರ್ಕಾರ ಕೋಟಿಗಟ್ಟಲೆ ಕೊಡುತ್ತೆ, ಒಂದು ಕಂಪನಿಗೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಿತು ಅನ್ನುತ್ತಾನೆ. ಅಲ್ಲಿ ಲೆಕ್ಕ ಯಾರು ನೋಡುತ್ತಾರೆ? ನಮ್ಮನ್ನೇ ಯಾಕೆ ಹಿಂಡುತ್ತಾರೆ?

ಉತ್ತರ: ಆ ಕಂಪನಿ ಇಂಗ್ಲಿಷ್ ನ್ಯಾಷನಲ್ ಒಪೆರಾ. ವರ್ಷಕ್ಕೆ 1.2 ಕೋಟಿ ಪೌಂಡಿಗೂ ಜಾಸ್ತಿ ಬರುತ್ತಿತ್ತು. ಕೊಡುತ್ತಿದ್ದದ್ದು ನೇರ ಸರ್ಕಾರ ಅಲ್ಲ, ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್. ಮಂತ್ರಿ ಒಟ್ಟು ಮೊತ್ತ ಕೊಡುತ್ತಾರೆ, ಯಾರಿಗೆ ಎಷ್ಟು ಅನ್ನೋದು ಕೌನ್ಸಿಲ್ಲಿಗೆ ಬಿಟ್ಟದ್ದು. ಕೌನ್ಸಿಲ್ಲಿನ ಲೆಕ್ಕವನ್ನು ಅಲ್ಲಿನ ಸಿಎಜಿ, ಅಂದರೆ ಸರ್ಕಾರಿ ದುಡ್ಡಿನ ಮಹಾ ಲೆಕ್ಕ ಪರಿಶೋಧಕರು, ಆಡಿಟ್ ಮಾಡುತ್ತಾರೆ. ಪಾರ್ಲಿಮೆಂಟಿನ ಸಮಿತಿಯೂ ಕರೆಸಿ ಕೇಳಬಹುದು. 1997ರಲ್ಲಿ ರಾಯಲ್ ಒಪೆರಾ ಹೌಸ್‌ನವರನ್ನು (ನಮ್ಮ ಮುಂಬಯಿ ಚರ್ನಿ ರೋಡಿನದ್ದಲ್ಲ, ಲಂಡನ್ನಿನದು) ಹೀಗೇ ಕೂರಿಸಿ ಕೇಳಿ, ಆಡಳಿತ ಮಂಡಳಿ ಇಳಿಯಬೇಕು ಅಂತ ವರದಿಯಲ್ಲೇ ಬರೆದರು. ಹಾಗಾಗಿ ಅಲ್ಲಿ ಯಾರೂ ಕೇಳಲ್ಲ ಅನ್ನೋದು ಸುಳ್ಳು.

ನಿಮ್ಮ ಅಳಿಯ ಹೇಳಿದ ಗಲಾಟೆ ಮಾತ್ರ ಬೇರೆ ಥರದ್ದು. 2015ರಲ್ಲಿ ಆಡಳಿತ, ವ್ಯವಹಾರ ಸರಿಯಿಲ್ಲ ಅಂತ ಇದೇ ಕೌನ್ಸಿಲ್ ಆ ಕಂಪನಿಯನ್ನು ಖಾಯಂ ಪಟ್ಟಿಯಿಂದ ತೆಗೆದು ಷರತ್ತಿನ ಮೇಲೆ ದುಡ್ಡು ಕೊಟ್ಟಿತ್ತು. ಅದು ಒಪ್ಪುವ ಮಾತು, ದುಡ್ಡು ಕೊಟ್ಟವರು ಕೇಳಲೇಬೇಕು. 2022ರಲ್ಲಿ ಆದದ್ದೇ ಬೇರೆ: ವರ್ಷಕ್ಕೆ 2.4 ಕೋಟಿ ಪೌಂಡ್ ಲಂಡನ್ನಿನಿಂದ ಆಚೆ ಹೋಗಬೇಕು ಅಂತ ಮಂತ್ರಿಯ ಸೂಚನೆ ಬಂತು, ನವೆಂಬರಿನಲ್ಲಿ ಕೌನ್ಸಿಲ್ ಕಂಪನಿಯನ್ನು ಮತ್ತೆ ಪಟ್ಟಿಯಿಂದ ಕೈಬಿಟ್ಟು, ಊರು ಬಿಟ್ಟರೆ ಮೂರು ವರ್ಷಕ್ಕೆ 1.7 ಕೋಟಿ ಕೊಡುತ್ತೇವೆ ಅಂದಿತು. ಮಂತ್ರಿ ಯಾರ ಹೆಸರನ್ನೂ ಹೇಳಲಿಲ್ಲ ನೋಡಿ, ಹೇಳುವ ಅಗತ್ಯವೇ ಬೀಳಲಿಲ್ಲ. ಕೊನೆಗೆ 2023ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಅಂತ ತೀರ್ಮಾನವಾಯಿತು. ನನಗೆ ಚಹಾದ ಬಿಲ್ಲು ಕೇಳುವ ಸರ್ಕಾರಕ್ಕಿಂತ ಇಂಥ ಸೂಚನೆ ಕಳಿಸುವ ಸರ್ಕಾರದ ಭಯ ಜಾಸ್ತಿ.

ಈಗ ನಿಮ್ಮ ಎರಡು ಲಕ್ಷ. ನಮ್ಮ ಸಿಎಜಿ ತಾವಾಗೇ ಬರೋದು, 1971ರ ಕಾಯ್ದೆಯ 14ನೇ ಕಲಂ ಪ್ರಕಾರ, ಅನುದಾನ 25 ಲಕ್ಷಕ್ಕೆ ಕಡಿಮೆ ಇಲ್ಲದೆ, ನಿಮ್ಮ ಒಟ್ಟು ಖರ್ಚಿನ ಮುಕ್ಕಾಲು ಪಾಲಾದರೂ ಅದೇ ಆಗಿದ್ದಾಗ. ನೀವು ಆ ಲೆಕ್ಕಕ್ಕೆ ಬರಲ್ಲ. ನಿಮ್ಮನ್ನು ಕೇಳುತ್ತಿರುವುದು ಸಚಿವಾಲಯ, ಅದಕ್ಕೆ ಹಕ್ಕಿದೆ. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಜಿಎಫ್ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮ) 12-ಎ ಫಾರ್ಮಿನಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ದುಡ್ಡು ಕೊಟ್ಟ ಕೆಲಸಕ್ಕೇ ಖರ್ಚಾಯಿತು ಅನ್ನುವ ಪ್ರಮಾಣಪತ್ರ, ಕೊಡಬೇಕು. ಅದು ಹೋಗದಿದ್ದರೆ ಮುಂದಿನ ಅನುದಾನ ಮರೆತುಬಿಡಿ.

ಚಹಾದ ಬಿಲ್ಲಿನಲ್ಲಿ ಯಾರೂ ಸಿಕ್ಕಿಬೀಳಲ್ಲ. ಸಿಕ್ಕಿಬೀಳೋದು ಕಲಾವಿದರ ಸಂಭಾವನೆಯಲ್ಲಿ. ಮಾಟುಂಗದ ಕಡೆ ಒಂದು ಸಂಘದ ಲೆಕ್ಕ ನಾನು ಬರೆಯುತ್ತಿದ್ದಾಗ, ರಾತ್ರಿ ಎರಡಕ್ಕೆ ಆಟ ಮುಗಿದ ಮೇಲೆ ಚೌಕಿಯಲ್ಲೇ (ವೇಷ ಕಟ್ಟುವ ಜಾಗ) ಇಡೀ ಹಿಮ್ಮೇಳದ 18 ಸಾವಿರವನ್ನು ಭಾಗವತರ ಕೈಗಿಟ್ಟು ಒಂದೇ ವೋಚರಿಗೆ ಸಹಿ ಹಾಕಿಸಿಕೊಂಡೆ. ಯಾರೋ ವೇಷಧಾರಿ ಅದನ್ನು ಮುಟ್ಟಿ, ಮೂಲೆಗೆ ಇಂಗಳೀಕದ ಕೆಂಪು ಹತ್ತಿತ್ತು. ಆ ಕಲೆಗೆ ಯಾರೂ ತಕರಾರು ಮಾಡಲಿಲ್ಲ, ಚೆಂಡೆಯವರಿಗೆಷ್ಟು ಮದ್ದಳೆಯವರಿಗೆಷ್ಟು ಅಂತ ಬಿಡಿಸಿ ಬರೆದಿಲ್ಲ ಅಂತ ವಾಪಸ್ ಬಂತು. ಆಮೇಲೆ ಎರಡು ತಿಂಗಳು ಉಡುಪಿಗೆ ಫೋನು, ಪ್ರತಿಯೊಬ್ಬರ ಸಹಿ, 5,000 ದಾಟಿದ ರಸೀದಿಗೆ ರೆವಿನ್ಯೂ ಸ್ಟ್ಯಾಂಪು, ಸಾಕೋ ಸಾಕು.

ಅದಕ್ಕೇ ಹೇಳೋದು, ಒಬ್ಬೊಬ್ಬರ ಖಾತೆಗೂ ನೇರ ದುಡ್ಡು ಹಾಕಿ. ಅನುದಾನ ಬ್ಯಾಂಕಿನಲ್ಲಿ ಕೂತಿದ್ದ ದಿನಗಳ ಬಡ್ಡಿಯೂ ಸರ್ಕಾರದ್ದೇ, ಅದನ್ನೂ ವಾಪಸ್ ಕಟ್ಟಬೇಕು. ನೂರಿನ್ನೂರು ರೂಪಾಯಿ ಅಂತ ಬಿಡಬೇಡಿ, ಮುಂದಿನ ಪತ್ರ ಅದರ ಬಗ್ಗೆಯೇ ಬರುತ್ತೆ.