ಆಪ್ತಸಲಹೆ ಪ್ರಕರಣ: ನರೇಗಾ ಅಧಿಕಾರಿಯ ನಿದ್ದೆಗೆಟ್ಟ ರಾತ್ರಿಗಳು

(ಹೆಸರು, ವಯಸ್ಸು, ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ.)

ಶೈಲಾ ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಪಂಚಾಯಿತಿಯಲ್ಲಿ ಗ್ರಾಮೀಣ ಉದ್ಯೋಗ ವಿಭಾಗದ ಸಹಾಯಕ ನಿರ್ದೇಶಕಿ. ವಯಸ್ಸು ನಲವತ್ತರ ಆಸುಪಾಸು. ಕಾಗದದ ಮೇಲೆ ತಾಲ್ಲೂಕಿನ ನರೇಗಾ ಕಾರ್ಯಕ್ರಮ ಅಧಿಕಾರಿ ಕಾರ್ಯನಿರ್ವಾಹಕ ಅಧಿಕಾರಿಯೇ. ದಿನದ ಹೊರೆ ಹೊರುವವರು ಮಾತ್ರ ಸಹಾಯಕ ನಿರ್ದೇಶಕರು. ಅವರು ಸಲಹೆಗೆ ಬಂದದ್ದು 2024ರ ಬೇಸಿಗೆಯಲ್ಲಿ. ಹಿಂದಿನ ಸೆಪ್ಟೆಂಬರಿನಲ್ಲಿ ಬರ ಘೋಷಣೆಯಾಗಿತ್ತು. ತೊಗರಿ ಕೈಕೊಟ್ಟು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದವರೂ ಊರಿಗೆ ಮರಳಿ ಕೆಲಸ ಕೇಳುತ್ತಿದ್ದ ಕಾಲ.

‘ರಾತ್ರಿ ಮೂರಕ್ಕ ಎಚ್ಚರ ಆಗ್ತದ್ರಿ ಮೇಡಂ. ಎದಿ ಡವಡವ ಅಂತದ. ಮೊಬೈಲ್ ಟಣ್ ಅಂದ್ರ ಕೈ ತಣ್ಣಗಾಗ್ತಾವ. ರವಿವಾರ ಸಂಜಿ ಆತಂದ್ರ ಸುಮ್ನ ಅಳು ಬರ್ತದ’ ಎಂದರು. ಇಸಿಜಿ, ಥೈರಾಯ್ಡ್, ರಕ್ತದೊತ್ತಡ ಮೂರೂ ಸರಿಯಿದ್ದವು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ. ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 14 ಅಂಕ ಬಂತು. ಹತ್ತು ಮುಟ್ಟಿದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಲಾಯಿತು. ‘ಸಾಯೂದಲ್ರಿ, ಎಲ್ಲರ ಹೋಗಿ ಬಿಡಬೇಕು ಅನಸ್ತದ’ ಎಂದರು. ಹಾಗಾಗಿ ಪ್ರತಿ ಭೇಟಿಯಲ್ಲೂ ಈ ಪ್ರಶ್ನೆ ಮತ್ತೆ ಕೇಳಬೇಕೆಂದು ಕಡತದಲ್ಲಿ ಗುರುತು ಹಾಕಲಾಯಿತು. ಜೊತೆಗೆ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಅವರ ಮೊಬೈಲಿನಲ್ಲೂ ಗಂಡನ ಮೊಬೈಲಿನಲ್ಲೂ ಸೇವ್ ಮಾಡಿಸಲಾಯಿತು.

ಭಯದ ಮೂಲ ಹುಡುಕುವಾಗ ಕೆಲಸದ ಒಳಗೇ ಇಳಿಯಬೇಕಾಯಿತು. ಆಗಿನ ನರೇಗಾ ನಿಯಮದಂತೆ ಜನ ಕೆಲಸ ಕೇಳಬೇಕಿತ್ತು, ಕೇಳಿದ 15 ದಿನದೊಳಗೆ ಕೊಡಬೇಕಿತ್ತು, ತಪ್ಪಿದರೆ ನಿರುದ್ಯೋಗ ಭತ್ಯೆ. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ಮುಗಿದ 15 ದಿನದೊಳಗೆ ಕೂಲಿ ಜಮೆಯಾಗಬೇಕಿತ್ತು. ಹದಿನಾರನೇ ದಿನದಿಂದ ದಿನಕ್ಕೆ ಶೇ 0.05ರಂತೆ ವಿಳಂಬ ಪರಿಹಾರ. ಇದು ಬೇಡಿಕೆಯ ಮೇಲೆ ನಡೆಯಬೇಕಾಗಿದ್ದ ಯೋಜನೆ. ಆದರೆ ಮೇಲಿನಿಂದ ಬರುತ್ತಿದ್ದುದು ಮಾನವ ದಿನಗಳ ಗುರಿ (ಒಬ್ಬರ ಒಂದು ದಿನದ ಕೆಲಸ ಒಂದು ಮಾನವ ದಿನ). ವಾರದ ವಿಡಿಯೊ ಕಾನ್ಫರೆನ್ಸಿನಲ್ಲಿ ಹಿಂದೆ ಬಿದ್ದ ತಾಲ್ಲೂಕಿನ ಹೆಸರು ಎಲ್ಲರೆದುರು ಓದುತ್ತಿದ್ದರು. ಗುರಿ ಮುಟ್ಟಲು ಕೆಲಸ ಹೆಚ್ಚು ತೆಗೆದರೆ, ನಾಳೆ ಸಾಮಾಜಿಕ ಪರಿಶೋಧನೆಯಲ್ಲಿ (ಊರಿನವರ ಮುಂದೆ ನಡೆಯುವ ಲೆಕ್ಕ ತಪಾಸಣೆ) ಆಕ್ಷೇಪಣೆ, ವಸೂಲಾತಿ. ಎರಡೂ ಕಡೆಯಿಂದ ಬರುವ ಈ ಒತ್ತಡವನ್ನು ‘ಮನಸ್ಸಿನ ದೌರ್ಬಲ್ಯ’ ಎಂದು ಕರೆಯುವುದು ಅನ್ಯಾಯ.

ಶೈಲಾ ಅವರ ವಿಷಯದಲ್ಲಿ ಮೂರು ಗಂಟುಗಳು ಕಂಡವು.

ಮೊದಲನೆಯದು ಫೋಟೊ. ವೈಯಕ್ತಿಕ ಫಲಾನುಭವಿಯ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಹಾಜರಾತಿ ಕಡ್ಡಾಯವಾಗಿತ್ತು. ದಿನಕ್ಕೆ ಎರಡು ಸಲ, ಸ್ಥಳದ ಗುರುತಿನೊಂದಿಗೆ ಫೋಟೊ. ಅದರಲ್ಲಿ ಆಗುವ ಎಡವಟ್ಟುಗಳು ಅವರಿಗೆ ಕಂಠಪಾಠ: ಹಾಜರಿ ಹತ್ತು ಮಂದಿಯದು, ಫೋಟೊದಲ್ಲಿ ಏಳೇ ತಲೆ, ಫೋಟೊವನ್ನೇ ಫೋಟೊ ಹೊಡೆದು ಹಾಕಿದ್ದು, ಒಬ್ಬರೇ ಎರಡು ಎನ್‌ಎಂಆರ್‌ನಲ್ಲಿ ನಿಂತದ್ದು, ಮಧ್ಯಾಹ್ನದ ಫೋಟೊವೇ ಇಲ್ಲದಿರುವುದು. ಇಪ್ಪತ್ತೆರಡು ಪಂಚಾಯಿತಿಗಳ ಫೋಟೊಗಳನ್ನು ರಾತ್ರಿ ಹನ್ನೆರಡೂವರೆ ತನಕ ಹಾಸಿಗೆಯಲ್ಲೇ ಕೂತು ನೋಡುತ್ತಿದ್ದರು. ಇಷ್ಟು ನೋಡಿದ್ದಕ್ಕೆ ಎಲ್ಲೂ ದಾಖಲೆಯಿಲ್ಲ, ಹಾಗಾಗಿ ನೋಡಿದ ನೆಮ್ಮದಿಯೂ ಇಲ್ಲ.

ಎರಡನೆಯದು ಡಿಜಿಟಲ್ ಸಹಿ. ಅವರ ಹೆಸರಿನ ಡೋಂಗಲ್ (ಕಂಪ್ಯೂಟರಿಗೆ ಚುಚ್ಚಿ ಸಹಿ ಹಾಕುವ ಸಾಧನ) ಆಪರೇಟರನ ಡ್ರಾಯರಿನಲ್ಲಿತ್ತು, ಪಿನ್ ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿತ್ತು. ‘ಹುಡುಗ ಭಾಳ ನಂಬಿಗಸ್ತ ಅದಾನ್ರಿ’ ಎಂದರು. ಹುಡುಗ ನಂಬಿಗಸ್ತನೇ ಇರಬಹುದು. ಆದರೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಆ ಸಹಿಯ ಕೀಲಿ ತನ್ನ ಹಿಡಿತದಲ್ಲೇ ಇರುವಂತೆ ಕಾಯ್ದುಕೊಳ್ಳುವ ಹೊಣೆ ಸಹಿಯ ಒಡೆಯರದು. ತಾನು ಸಭೆಯಲ್ಲಿದ್ದಾಗ ತನ್ನ ಸಹಿ ಎಲ್ಲೋ ಬೀಳುತ್ತಿದೆ ಎಂಬುದು ಅವರಿಗೆ ಒಳಗೊಳಗೇ ಗೊತ್ತಿತ್ತು. ರಾತ್ರಿ ಮೂರರ ಎಚ್ಚರಕ್ಕೆ ಇದೊಂದೇ ಸಾಕಿತ್ತು.

ಮೂರನೆಯದು ಬಾಯಿಮಾತಿನ ಆದೇಶ. ಒಂದು ಕೆರೆ ಹೂಳೆತ್ತುವ ಕೆಲಸದಲ್ಲಿ ಕೂಲಿಕಾರರ ಬದಲು ಜೆಸಿಬಿ ಬಳಸಿದ್ದಾರೆಂಬ ದೂರಿತ್ತು. ‘ಸದ್ಯ ಬಿಲ್ ಹೋಗ್ಲಿ, ಆಮ್ಯಾಲ ನೋಡೂಣು’ ಎಂದು ಮೇಲಿನವರು ಫೋನಿನಲ್ಲಿ ಹೇಳಿದ್ದರು. ಬಿಲ್ ಹೋಯಿತು. ನಂತರ ಕಾರಣ ಕೇಳುವ ನೋಟಿಸ್ ಬಂದದ್ದು ಇವರೊಬ್ಬರಿಗೇ.

ಕೊಟ್ಟ ಸಲಹೆಯಲ್ಲಿ ಡೋಂಗಲ್ ವಿಷಯ ಮಾತ್ರ ಅದೇ ದಿನ ಆಗಬೇಕಿತ್ತು. ವಾಪಸು ಪಡೆದು, ಪಿನ್ ಬದಲಿಸಿ, ಸಹಿಗೆ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎರಡು ಗಂಟೆ ಮೀಸಲಿಡಿ. ಪಟ್ಟಿಯ ಮುದ್ರಿತ ಪ್ರತಿ ಎದುರಿಗಿಟ್ಟುಕೊಂಡೇ ಸಹಿ ಮಾಡಿ ಎಂದು ಹೇಳಲಾಯಿತು. ಆಪರೇಟರ್ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ, ಆಮೇಲೆ ಸರಿಹೋದ.

ಫೋಟೊ ಪರಿಶೀಲನೆಯನ್ನು ಕಚೇರಿ ವೇಳೆಗೆ ತಂದು, ತಾಂತ್ರಿಕ ಸಹಾಯಕರು ಮತ್ತು ಎಂಐಎಸ್ (ಕಂಪ್ಯೂಟರ್ ದಾಖಲೆ) ಸಂಯೋಜಕರಿಗೆ ಪಂಚಾಯಿತಿವಾರು ಹಂಚುವ ಕ್ರಮವನ್ನು ಅವರೇ ಯೋಚಿಸಿದರು. ತಾವು ದಿನಕ್ಕೆ ಹತ್ತು ಎನ್‌ಎಂಆರ್ ಆರಿಸಿ ನೋಡಿ, ಒಂದು ವಹಿಯಲ್ಲಿ ದಿನಾಂಕ, ಎನ್‌ಎಂಆರ್ ಸಂಖ್ಯೆ, ಕಂಡದ್ದು, ಕ್ರಮ ಎಂದು ನಾಲ್ಕು ಕಾಲಂ ತುಂಬುವುದು. ನೆಟ್‌ವರ್ಕ್ ಕೈಕೊಟ್ಟು ಹಾಜರಿ ಏರದಿದ್ದರೆ, ಹಸ್ತಚಾಲಿತ ಹಾಜರಾತಿಗೆ ಅನುಮತಿ ಕೊಡುವ ಅಧಿಕಾರ ಆಗ ಜಿಲ್ಲಾ ಕಾರ್ಯಕ್ರಮ ಸಂಯೋಜಕರದು, ಅಂದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯದು. ಪ್ರಸ್ತಾವ ಅದೇ ದಿನ ಹೋಗಬೇಕಿತ್ತು. ತಡವಾದಷ್ಟೂ ಕೂಲಿಕಾರರ ಆಗಿನ (2024–25ರ) ದಿನಗೂಲಿ 349 ರೂಪಾಯಿಗೆ ಕುತ್ತು.

ಹೆಚ್ಚು ಹೊತ್ತು ಹಿಡಿದದ್ದು ಬಾಯಿಮಾತಿನ ಆದೇಶವನ್ನು ಕಡತಕ್ಕೆ ತರುವ ಅಭ್ಯಾಸ. ಮೇಲಧಿಕಾರಿಯ ಮೌಖಿಕ ಸೂಚನೆಗೆ ಆದಷ್ಟು ಬೇಗ ಲಿಖಿತ ದೃಢೀಕರಣ ಪಡೆಯುವುದು ನಡತೆ ನಿಯಮಗಳಿಗೆ ಒಪ್ಪುವ ಕ್ರಮ. ಕೇಳುವುದು ಧಿಕ್ಕಾರವಾಗುವುದಿಲ್ಲ. ‘ಸಾಹೇಬ್ರು ಸಿಟ್ಟಾದ್ರ?’ ಎಂಬುದೇ ಅವರ ದೊಡ್ಡ ಅಂಜಿಕೆ. ಹಾಗಾಗಿ ಸಲಹಾ ಕೋಣೆಯಲ್ಲೇ ಸಂಭಾಷಣೆ ಆಡಿ ನೋಡಲಾಯಿತು: ‘ಆಗಲ್ರಿ ಸರ್, ಟಿಪ್ಪಣಿ ಹಾಕಿ ಕಳಸ್ತೀನಿ, ತಾವು ಒಂದ್ ಸಹಿ ಮಾಡ್ರಿ.’ ಮೊದಲ ವಾರ ಅವರು ಬರೆದ ಟಿಪ್ಪಣಿ ಮೂರು ಪುಟ ಇತ್ತು, ಅರ್ಧ ದೂರು, ಅರ್ಧ ಸಮಜಾಯಿಷಿ. ಓದದೆಯೇ ವಾಪಸು ಬಂತು. ಅದನ್ನು ಇಳಿಸಿ ಇಷ್ಟು ಮಾಡಿಸಲಾಯಿತು: ‘ಇಂದು ಬೆಳಿಗ್ಗೆ 11ಕ್ಕೆ ದೂರವಾಣಿಯಲ್ಲಿ ನೀಡಿದ ಸೂಚನೆಯಂತೆ ಸದರಿ ಕಾಮಗಾರಿಯ ಪಾವತಿ ಕುರಿತು ಕಡತ ಮಂಡಿಸಿದೆ. ಕಾಮಗಾರಿಯ ಮೇಲೆ ದೂರು ಬಾಕಿಯಿದ್ದು, ಸ್ಥಳ ಪರಿಶೀಲನಾ ವರದಿ ಬಂದಿಲ್ಲ. ಆದೇಶಕ್ಕಾಗಿ.’ ವಿಶೇಷಣ ಬೇಡ, ಆರೋಪ ಬೇಡ. ಇಂಥ ಟಿಪ್ಪಣಿ ಹೋದ ಮೇಲೆ ಕೆಲವು ಫೋನ್‌ಗಳು ತಾವಾಗಿಯೇ ನಿಂತವು.

ನೋಟಿಸಿಗೆ ಉತ್ತರವನ್ನು ರಾತ್ರಿ ಕೂತು ಬರೆಯಬಾರದೆಂದು ತಾಕೀತು ಮಾಡಲಾಯಿತು. ದಿನಾಂಕದ ಕ್ರಮದಲ್ಲಿ ದಾಖಲೆ ಜೋಡಿಸಿ, ಸೇವಾ ವಿಷಯ ಬಲ್ಲ ವಕೀಲರಿಗೆ ತೋರಿಸಿ, ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆದರು.

ನಿದ್ದೆಗೆ ಕಟ್ಟುನಿಟ್ಟು ಬೇಕಿತ್ತು. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವುದು ಐದೂವರೆಗೆ. ಮಧ್ಯಾಹ್ನ ಎರಡರ ಮೇಲೆ ಚಹಾ ಇಲ್ಲ. ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಪಡಸಾಲೆಯಲ್ಲಿ ಕೂರುವುದು, ಜೊಂಪು ಬಂದ ಮೇಲೇ ಹಾಸಿಗೆಗೆ. ಮೊಬೈಲ್ ಅಡುಗೆಮನೆಯಲ್ಲಿ, ಏಳಲು ಗಡಿಯಾರದ ಅಲಾರಂ. ವಾಟ್ಸ್ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ ಬೆಳಿಗ್ಗೆ ಏಳೂವರೆ, ಮಧ್ಯಾಹ್ನ ಒಂದು, ರಾತ್ರಿ ಎಂಟೂವರೆಗೆ ಮಾತ್ರ ನೋಡುವುದು. ‘ಅರ್ಜೆಂಟ್ ಇದ್ರ ಕಾಲ್ ಮಾಡ್ರಿ’ ಎಂದು ಕಾರ್ಯನಿರ್ವಾಹಕ ಅಧಿಕಾರಿಗೂ ಪಿಡಿಒಗಳಿಗೂ ಮೊದಲೇ ತಿಳಿಸುವುದು. ಮುನ್ಸೂಚನೆ ಕೊಡದೆ ಮ್ಯೂಟ್ ಮಾಡಿದರೆ ಆತಂಕ ಇಮ್ಮಡಿಯಾಗುತ್ತದೆ.

ಸಂಜೆ ಇಪ್ಪತ್ತು ನಿಮಿಷ ಚಿಂತೆಯ ವಹಿ. ‘ನನ್ನ ಕೈಯಾಗಿಂದು, ಮ್ಯಾಲಿನವರ ಕೈಯಾಗಿಂದು, ಯಾರ ಕೈಯಾಗೂ ಇಲ್ಲದ್ದು’ ಎಂದು ಮೂರು ಸಾಲು. ಸಾಮಗ್ರಿ ಬಾಕಿಗೆ ಬರಬೇಕಾದ ಅನುದಾನವನ್ನು ಅವರು ತಿಂಗಳುಗಟ್ಟಲೆ ಮೊದಲ ಸಾಲಿನಲ್ಲೇ ಹೊತ್ತಿದ್ದರು. ದನದ ಕೊಟ್ಟಿಗೆ ಕಟ್ಟಿ ಹಣಕ್ಕೆ ಕಾಯುತ್ತಿದ್ದ ರೈತರಿಗೆ ‘ನಾಳಿ ಬರ್ತದ’ ಎನ್ನುವುದನ್ನು ಬಿಟ್ಟು, ಬಿಲ್ ಯಾವ ಹಂತದಲ್ಲಿದೆ ಎಂದು ತೋರಿಸಲು ಶುರುಮಾಡಿದ ಮೇಲೆ ಜಗಳ ಕಡಿಮೆಯಾಯಿತು.

ಮನೋವೈದ್ಯರ ಬಳಿ ಹೋಗಲು ತುಂಬಾ ಹಿಂಜರಿದರು, ಸೇವಾ ಪುಸ್ತಕದಲ್ಲಿ ಬರುತ್ತದೆಂಬ ಹೆದರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ ಎಂದು ವಿವರಿಸಿದ ಮೇಲೆ ಜಿಲ್ಲಾಸ್ಪತ್ರೆಗೆ ಹೋದರು. ಕೊಟ್ಟ ಗುಳಿಗೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, ಆರಾಮ ಆಯಿತೆಂದು ತಟಕ್ಕನೆ ಬಿಡಬಾರದು ಎಂದು ವೈದ್ಯರೂ ಹೇಳಿದರು, ಇಲ್ಲಿಯೂ ಹೇಳಲಾಯಿತು. ಗಂಡನಿಗೆ ಹೇಳಿದ್ದು ಎರಡೇ: ದಿನಾ ‘ನೌಕರಿ ಬಿಟ್ಟಬಿಡು’ ಅನ್ನಬೇಡಿ, ಮಗನ ಅಭ್ಯಾಸದ ಹೊಣೆ ನೀವು ತಗೊಳ್ಳಿ.

ಮೂರು ತಿಂಗಳಿಗೆ ಅಂಕ 14ರಿಂದ 6ಕ್ಕೆ ಇಳಿಯಿತು. ನಡುವೆ ಒಂದು ವಿಡಿಯೊ ಕಾನ್ಫರೆನ್ಸಿನ ನಂತರ ನಾಲ್ಕು ರಾತ್ರಿ ಮತ್ತೆ ಕೆಟ್ಟವು. ನೋಟಿಸಿನ ವಿಚಾರಣೆ ಇನ್ನೂ ಮುಗಿದಿಲ್ಲ. ಸಾಮಾಜಿಕ ಪರಿಶೋಧನೆ ಆರು ತಿಂಗಳಿಗೊಮ್ಮೆ ಬರುತ್ತದೆ, ಅದಕ್ಕೆ ಎರಡು ವಾರ ಮೊದಲು ನಿದ್ದೆ ಕೆಡುವ ಸಂಭವ ಹೆಚ್ಚು. ಮುಂದಿನ ಭೇಟಿಯನ್ನು ಆ ದಿನಾಂಕ ನೋಡಿಯೇ ಗೊತ್ತುಮಾಡಲಾಗಿದೆ.